ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಗೀರು ತಡೆಯುವ ಬ್ಯಾಗ್ ಯಾವುದು?

ಪ್ರಶ್ನೆ: ನನ್ನದು ಕಾರವಾರದ ಬ್ಯಾಂಕಿನಲ್ಲಿ ಕೆಲಸ, ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೂರು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇನೆ, ಒಂದು ಒಳ್ಳೆಯ ಡಿಸೈನರ್ ಬ್ಯಾಗ್ ತಗೊಳ್ಳಬೇಕು ಅಂತ. ದುಬೈನಲ್ಲಿರುವ ಅಣ್ಣ ಡಿಸೆಂಬರ್‌ನಲ್ಲಿ ಬರುವಾಗ ತರುತ್ತಾನೆ. ಅತ್ತಿಗೆಗೆ ಲ್ಯಾಂಬ್‌ಸ್ಕಿನ್ ಇಷ್ಟ. ಅಣ್ಣ ‘ಸಫಿಯಾನೋ ಚರ್ಮದ್ದು ತಗೋ, ಗೀರೇ ಬೀಳುವುದಿಲ್ಲ’ ಅನ್ನುತ್ತಾನೆ. ಅಮ್ಮ ಮಾತ್ರ ‘ನಮ್ಮ ಮಳೆಗಾಲಕ್ಕೆ ಯಾವ ಚರ್ಮವೂ ಉಳಿಯುವುದಿಲ್ಲ, ರೆಕ್ಸಿನ್ ಸಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಅಮ್ಮನ ಮಾತು, ಏಕೆಂದರೆ ಅದು ಅರ್ಧ ಸರಿ. ನಮ್ಮ ಕರಾವಳಿಯ ಮಳೆಗಾಲ ಚರ್ಮಕ್ಕೆ ಕಷ್ಟವೇ. ಆದರೆ ರೆಕ್ಸಿನ್‌ಗೆ ಅದು ಇನ್ನೂ ಕಷ್ಟ. ಈಗ ರೆಕ್ಸಿನ್ ಅಂತ ಸಿಗುವುದರಲ್ಲಿ ಬಹಳಷ್ಟು ಬಟ್ಟೆಯ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ಪದರ ಅಂಟಿಸಿದ್ದು. ಸೆಕೆ ಮತ್ತು ತೇವ ಎರಡೂ ಸೇರಿದರೆ ಆ ಪದರ ತಾನಾಗಿಯೇ ಹಳಸುತ್ತದೆ. ಒಂದು ದಿನವೂ ಬಳಸದೆ ಕಪಾಟಿನಲ್ಲಿಟ್ಟ ಬ್ಯಾಗ್ ಕೂಡ ನಾಲ್ಕೈದು ವರ್ಷಕ್ಕೆ ಹಪ್ಪಳದ ಹಾಗೆ ಸುಲಿದು ಬಂದದ್ದನ್ನು ನನ್ನ ರಿಪೇರಿ ಮೇಜಿನ ಮೇಲೆ ಎಷ್ಟೋ ಸಲ ನೋಡಿದ್ದೇನೆ, ಅದನ್ನು ಮತ್ತೆ ಅಂಟಿಸುವ ಉಪಾಯ ನನ್ನ ಹತ್ತಿರವೂ ಇಲ್ಲ, ಯಾರ ಹತ್ತಿರವೂ ಇಲ್ಲ. ಹಾಗಾಗಿ ಚರ್ಮವನ್ನೇ ತಗೊಳ್ಳಿ.

ಗೀರೇ ಬೀಳದ ಚರ್ಮ ಇಲ್ಲ. ಅಂಗಡಿಯಲ್ಲಿ ಯಾರಾದರೂ ‘ಇದೆ’ ಅಂದರೆ ನಂಬಬೇಡಿ. ಗೀರು ಬಿದ್ದರೂ ಕಣ್ಣಿಗೆ ಕಾಣದ ಚರ್ಮ ಇದೆ, ಗೀರು ಮೇಲಿನ ಪದರದಲ್ಲೇ ನಿಲ್ಲುವ ಚರ್ಮ ಇದೆ. ನೀವು ಹುಡುಕಬೇಕಾದದ್ದು ಇವೆರಡನ್ನು.

ಇದು ಹೇಗೆ ಅಂತ ಸ್ವಲ್ಪ ಹೇಳಬೇಕು. ಹದ ಮಾಡಿದ ಚರ್ಮಕ್ಕೆ ಬಣ್ಣ ಕೊಡುವುದರಲ್ಲಿ ಎರಡು ದಾರಿ. ಒಂದರಲ್ಲಿ ಬಣ್ಣ ಚರ್ಮದೊಳಗೆ ಇಳಿಯುತ್ತದೆ, ಮೇಲೆ ಬೇರೆ ಪದರ ಇರುವುದಿಲ್ಲ. ಇದಕ್ಕೆ ಅನಿಲೈನ್ ಅನ್ನುತ್ತಾರೆ. ಮುಟ್ಟಿದರೆ ಜೀವಂತ ಅನಿಸುತ್ತದೆ, ನನಗೆ ಬಹಳ ಇಷ್ಟ, ಆದರೆ ಉಗುರು ತಾಗಿದರೂ ಗೆರೆ, ಮಳೆಹನಿ ಬಿದ್ದರೂ ಕಲೆ. ಇನ್ನೊಂದರಲ್ಲಿ ಮೇಲೆ ಬಣ್ಣದ ತೆಳು ಪದರ, ಅದರ ಮೇಲೆ ರಕ್ಷಣೆಯ ಲೇಪ. ಇದು ಪಿಗ್ಮೆಂಟೆಡ್ ಚರ್ಮ. ಗೀರು ಮೊದಲು ಆ ಲೇಪಕ್ಕೆ ಬೀಳುತ್ತದೆ, ನೀರೂ ಅಲ್ಲೇ ನಿಲ್ಲುತ್ತದೆ. ಇವೆರಡರ ನಡುವಿನದು ಸೆಮಿ ಅನಿಲೈನ್. ಬಸ್ಸಿನಲ್ಲಿ ಓಡಾಡುವವರು ಬರೀ ಅನಿಲೈನ್ ಕಡೆ ಹೋಗಲೇಬಾರದು.

ಈಗ ಅತ್ತಿಗೆಯ ಲ್ಯಾಂಬ್‌ಸ್ಕಿನ್. ಕುರಿಮರಿ ಚರ್ಮ ಬೆಣ್ಣೆಯ ಹಾಗೆ ನುಣುಪು, ಮೆತ್ತಗೆ. ಆದರೆ ಆ ನುಣುಪೇ ಶತ್ರು. ನಯವಾದ ಮೈ ಮೇಲೆ ಒಂದೇ ಒಂದು ಗೆರೆ ಬಿದ್ದರೂ ದೂರದಿಂದ ಕಾಣುತ್ತದೆ. ಶನೆಲ್ ಬ್ಯಾಗುಗಳು ಲ್ಯಾಂಬ್‌ಸ್ಕಿನ್‌ನಲ್ಲೂ ಬರುತ್ತವೆ, ಕ್ಯಾವಿಯರ್ ಅನ್ನುವ ಕಾಳುಕಾಳು ಚರ್ಮದಲ್ಲೂ ಬರುತ್ತವೆ, ದಿನಾ ಬಳಸುವವರು ಕ್ಯಾವಿಯರ್ ಕಡೆಗೇ ಹೋಗುತ್ತಾರೆ. ಮದುವೆಮನೆಗೆ ವರ್ಷಕ್ಕೆ ನಾಲ್ಕು ಸಲ ಹಿಡಿದು ಹೋಗುವುದಾದರೆ ಅತ್ತಿಗೆ ಹೇಳಿದ್ದು ಸರಿ. ಬಸ್ಸಿನ ಸೀಟಿನ ಕಬ್ಬಿಣದ ಸರಳಿಗೆ ದಿನಾ ಎರಡು ಸಲ ಉಜ್ಜುವ ಬ್ಯಾಗಿಗೆ ಬೇಡ.

ಅಣ್ಣನ ಸಫಿಯಾನೋ ಒಳ್ಳೆಯ ಸಲಹೆಯೇ. 1913ರಲ್ಲಿ ಮಿಲಾನ್‌ನಲ್ಲಿ ಅಂಗಡಿ ತೆರೆದ ಮಾರಿಯೋ ಪ್ರಾಡಾ ಹೆಸರಿನ ಜೊತೆ ಬಂದ ಚರ್ಮ ಅದು. ಅಡ್ಡಡ್ಡ ಸಣ್ಣ ಗೆರೆಗಳನ್ನು ಯಂತ್ರದಿಂದ ಒತ್ತಿ ಮೂಡಿಸಿರುತ್ತಾರೆ, ಮೇಲೆ ಗಟ್ಟಿ ಲೇಪ. ಮೊದಲೇ ಅಷ್ಟು ಗೆರೆ ಇರುವಾಗ ಹೊಸದೊಂದು ಗೆರೆ ಎಲ್ಲಿ ಕಾಣಬೇಕು ಹೇಳಿ! ಮಳೆಹನಿಯನ್ನು ಒರೆಸಿದರೆ ಹೋಗುತ್ತದೆ. ಈಗ ಬಹಳ ಕಂಪನಿಗಳು ಇದೇ ಮಾದರಿ ಮಾಡುತ್ತವೆ. ಎರ್ಮೆಸ್‌ನವರ ಎಪ್ಸಮ್, 1985ರಲ್ಲಿ ಲೂಯಿ ವಿಟಾನ್ ತಂದ ಎಪಿ, ಇವೂ ಹೀಗೆ ವಿನ್ಯಾಸ ಒತ್ತಿದ ಚರ್ಮಗಳೇ.

ಆದರೆ ಸಫಿಯಾನೋ ಬ್ಯಾಗ್ ಸೋಲುವುದು ನಾಲ್ಕು ಮೂಲೆಗಳಲ್ಲಿ. ಮೈ ಪೂರ್ತಿ ಹೊಸದರ ಹಾಗೇ ಇರುತ್ತದೆ, ಮೂಲೆಯಲ್ಲಿ ಮಾತ್ರ ಲೇಪ ಸವೆದು ಒಳಗಿನ ಬಿಳಿಚು ಬಣ್ಣ ಇಣುಕುತ್ತದೆ. ಒತ್ತಿದ ವಿನ್ಯಾಸ ಒಮ್ಮೆ ಅಳಿಸಿದರೆ ನಾನು ಬಣ್ಣ ತುಂಬಬಹುದು, ಗೆರೆಗಳನ್ನು ಮತ್ತೆ ಮೂಡಿಸಲು ಆಗುವುದಿಲ್ಲ. ಗಟ್ಟಿ ಚರ್ಮ ಅಲ್ವಾ, ಮಡಚುವ ಜಾಗದಲ್ಲಿ ಬಿರುಕೂ ಬಿಡಬಹುದು.

ಅದಕ್ಕೇ ನಿಮಗೆ ನನ್ನ ಆಯ್ಕೆ ಇನ್ನೊಂದು. ಕಾಳುಕಾಳಾಗಿರುವ, ಸ್ವಲ್ಪ ಮೆತ್ತಗಿನ, ಮೇಲೆ ಲೇಪ ಇರುವ ಕರುವಿನ ಚರ್ಮ. ಅಂಗಡಿಯಲ್ಲಿ ಇದಕ್ಕೆ ಪೆಬಲ್ಡ್ ಅಥವಾ ಗ್ರೇನ್ಡ್ ಲೆದರ್ ಅನ್ನುತ್ತಾರೆ. ಎರ್ಮೆಸ್‌ನವರ ಟೋಗೋ ಈ ಜಾತಿಯದು. ಗೀರು ಕಾಳುಗಳ ಸಂದಿಯಲ್ಲಿ ಒಡೆದುಹೋಗಿ ಉದ್ದ ಗೆರೆಯಾಗುವುದಿಲ್ಲ. ಸಣ್ಣ ಗೀರಾದರೆ ಬೆರಳಲ್ಲಿ ಬಿಸಿಯಾಗುವಷ್ಟು ತಿಕ್ಕಿದರೆ ಅರ್ಧಕ್ಕರ್ಧ ಮಾಯ. ಮೂಲೆ ಸವೆದರೂ ಬಣ್ಣ ಹಚ್ಚಿ ಸರಿ ಮಾಡಬಹುದು, ಗುರುತು ಸಿಗುವುದಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ ಬ್ಯಾಗ್ ಅಂದಮೇಲೆ ರಿಪೇರಿ ಆಗುತ್ತದೋ ಇಲ್ಲವೋ ಅನ್ನುವುದನ್ನು ಮೊದಲೇ ಯೋಚಿಸಬೇಕು.

ಅಣ್ಣನಿಗೆ ಫೋನಿನಲ್ಲಿ ಇಷ್ಟು ಹೇಳಿ. ಪಟ್ಟಿಯ ತುದಿಯಲ್ಲೋ ಒಳಗಿನ ಜೇಬಿನ ಹತ್ತಿರವೋ ಕತ್ತರಿಸಿದ ಅಂಚು ಕಾಣುತ್ತದಾ ನೋಡಲಿ. ಆ ಅಂಚಿನ ಬಣ್ಣವೂ ಮೇಲಿನ ಬಣ್ಣವೂ ಒಂದೇ ಇದ್ದರೆ ಬಣ್ಣ ಒಳಗಿನ ತನಕ ಇಳಿದಿದೆ ಅಂತ ಅರ್ಥ, ಆಳವಾದ ಗೀರು ಬಿದ್ದರೂ ಬೆಳ್ಳಗೆ ಎದ್ದು ಕಾಣುವುದಿಲ್ಲ. ಬಹಳ ಬ್ಯಾಗುಗಳಲ್ಲಿ ಅಂಚಿಗೆ ಬಣ್ಣ ಬಳಿದು ಮುಚ್ಚಿರುತ್ತಾರೆ, ಆಗ ಅಂಗಡಿಯವರನ್ನೇ ಕೇಳಬೇಕು. ಬ್ಯಾಗಿನ ಅಡಿಗೆ ನಾಲ್ಕು ಲೋಹದ ಗುಬ್ಬಿ ಇರಲಿ, ನೆಲಕ್ಕಿಟ್ಟಾಗ ಚರ್ಮ ತಾಗಬಾರದು. ಮೂಲೆ ಚೂಪಾಗಿರುವುದಕ್ಕಿಂತ ದುಂಡಗಿರಲಿ. ಚೈನಿನ ಪಟ್ಟಿ ಬೇಡ, ಆ ಚೈನೇ ಮಡಿಕೆಯ ಮೇಲೆ ಕೂತು ಗುರುತು ಮಾಡುತ್ತದೆ.

ಬಣ್ಣದ ವಿಷಯ. ಹೊಳೆಯುವ ಕಪ್ಪು, ತೀರಾ ತಿಳಿ ಬಣ್ಣ ಎರಡೂ ಗೀರನ್ನು ತೋರಿಸುತ್ತವೆ. ತಿಳಿ ಬಣ್ಣಕ್ಕೆ ಜೀನ್ಸಿನ ನೀಲಿ ಬೇರೆ ಅಂಟುತ್ತದೆ, ಒಮ್ಮೆ ಅಂಟಿದರೆ ಪೂರ್ತಿ ತೆಗೆಯುವುದು ಕಷ್ಟ. ಕಂದು, ಬೂದು, ಗಾಢ ಹಸಿರು ಒಳ್ಳೆಯದು.

ಬ್ಯಾಗಿನ ಮೇಲಿನ ಗೀರುಗಳಲ್ಲಿ ಬಸ್ಸಿನದ್ದಕ್ಕಿಂತ ನಮ್ಮ ಕೈಯದ್ದೇ ಜಾಸ್ತಿ. ಜಿಪ್ಪಿನ ಸುತ್ತ ಉಗುರಿನ ಗೆರೆ, ಮುಚ್ಚಳದ ಮೇಲೆ ಉಂಗುರದ್ದು, ಪಕ್ಕದಲ್ಲಿ ಬಳೆಯದ್ದು. ರಿಪೇರಿಗೆ ಬಂದ ಬ್ಯಾಗ್ ನೋಡಿದರೆ ಅವರು ಯಾವ ಕೈಗೆ ಬಳೆ ಹಾಕುತ್ತಾರೆ ಅಂತ ಹೇಳಬಹುದು. ಹಾಗಾಗಿ ಬಲಗೈಯಲ್ಲಿ ತೆಗೆಯುವ ಬ್ಯಾಗಾದರೆ ಬಳೆ ಎಡಗೈಗೆ. ಕೀಲಿ, ಟಿಫಿನ್ ಡಬ್ಬಿ, ಒದ್ದೆ ಕೊಡೆ, ಇವಕ್ಕೆ ಬೇರೆ ಬಟ್ಟೆ ಚೀಲ ಇಟ್ಟುಕೊಳ್ಳಿ.

ಇನ್ನು ಜೂನ್‌ನಿಂದ ಸೆಪ್ಟೆಂಬರ್. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಬೇಡಿ, ತೇವ ಒಳಗೇ ಉಳಿದು ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಬ್ಯಾಗಿನ ಜೊತೆ ಬರುವ ಬಟ್ಟೆ ಚೀಲದಲ್ಲಿ, ಒಳಗೆ ಹಳೆಯ ಕಾಟನ್ ಬಟ್ಟೆ ತುಂಬಿ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಪೇಪರ್ ತುಂಬಬೇಡಿ, ಶಾಯಿ ಅಸ್ತರಿಗೆ ಅಂಟುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ಫ್ಯಾನಿನ ಗಾಳಿಗೆ ಇಟ್ಟರೆ ಸಾಕು. ಒದ್ದೆಯಾದರೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ, ಒದ್ದೆ ಚರ್ಮ ಬಿಸಿ ತಾಗಿದರೆ ಕುಗ್ಗಿ ಕಟ್ಟಿಗೆಯಾಗುತ್ತದೆ, ಅದು ಮತ್ತೆ ಮೆತ್ತಗಾಗುವುದಿಲ್ಲ.

ಪ್ರಶ್ನೆ: ಶಿರಸಿಯಿಂದ ಬರೆಯುತ್ತಿದ್ದೇನೆ. ನನ್ನದು ತಿಳಿ ಕಂದು ಬಣ್ಣದ, ಮರದ ತೊಗಟೆಯಲ್ಲಿ ಹದ ಮಾಡಿದ್ದು ಅಂತ ಕೊಟ್ಟ ಬ್ಯಾಗ್. ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಮೈತುಂಬ ಗೀರು. ಅತ್ತೆ ತೆಂಗಿನೆಣ್ಣೆ ಹಚ್ಚು ಅನ್ನುತ್ತಿದ್ದಾರೆ. ಹಚ್ಚಲಾ?

ಉತ್ತರ: ದಯವಿಟ್ಟು ಹಚ್ಚಬೇಡಿ. ಮೊದಲ ದಿನ ಗೀರು ಮುಚ್ಚಿದ ಹಾಗೆ ಕಾಣುತ್ತದೆ, ಏಕೆಂದರೆ ಎಣ್ಣೆ ಕುಡಿದು ಚರ್ಮ ಕಪ್ಪಾಗುತ್ತದೆ. ಆದರೆ ಎಲ್ಲ ಕಡೆ ಒಂದೇ ಸಮ ಕುಡಿಯುವುದಿಲ್ಲ, ಮಚ್ಚೆಮಚ್ಚೆಯಾಗಿ ಉಳಿಯುತ್ತದೆ. ಆಮೇಲೆ ಕನಟು ವಾಸನೆ, ನಿಮ್ಮ ಊರಿನ ಮಳೆಗೆ ಬೂಸ್ಟು.

ನಿಮ್ಮದು ವೆಜಿಟೇಬಲ್ ಟ್ಯಾನ್ಡ್ ಚರ್ಮ. ನಮ್ಮ ಕಾಡಿನ ಅಳಲೆಕಾಯಿ, ಬಯಲುಸೀಮೆಯ ತಂಗಡಿ ತೊಗಟೆ ಇಂಥವುಗಳ ಒಗರಿನಿಂದಲೇ ದಕ್ಷಿಣ ಭಾರತದಲ್ಲಿ ತಲೆಮಾರುಗಳಿಂದ ಚರ್ಮ ಹದ ಮಾಡುತ್ತ ಬಂದಿದ್ದಾರೆ. ಈ ಚರ್ಮಕ್ಕೆ ಗೀರು ಬೇಗ ಬೀಳುತ್ತದೆ, ಹಾಗೇ ಬೇಗ ಬೆರೆತೂ ಹೋಗುತ್ತದೆ. ಕೈಯ ಜಿಡ್ಡು, ಬೆಳಕು ತಾಗಿ ವರ್ಷದೊಳಗೆ ಬಣ್ಣ ಗಾಢವಾಗುತ್ತದೆ, ಈಗಿನ ಸಣ್ಣ ಗೀರುಗಳು ಅದರಲ್ಲಿ ಮುಳುಗುತ್ತವೆ. ಸದ್ಯಕ್ಕೆ ಒಣ ಕಾಟನ್ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ತಿಕ್ಕಿ. ಆಮೇಲೆ ಬಣ್ಣವಿಲ್ಲದ ಲೆದರ್ ಕ್ರೀಮ್ ಕಡಲೆಕಾಳಿನಷ್ಟು ತಗೊಂಡು ಮೊದಲು ಬ್ಯಾಗಿನ ಅಡಿಯಲ್ಲಿ ಹಚ್ಚಿ ಒಂದು ದಿನ ಕಾಯಿರಿ, ಬಣ್ಣ ಕೆಡದಿದ್ದರೆ ಉಳಿದ ಕಡೆ ಹಚ್ಚಿ. ಉಗುರು ಇಟ್ಟರೆ ಸಿಕ್ಕುವಷ್ಟು ಆಳದ ಗೀರು ಮಾತ್ರ ಹೋಗುವುದಿಲ್ಲ.

ಪ್ರಶ್ನೆ: ಎಮ್ಮೆ ಚರ್ಮ ಅಗ್ಗದ್ದು, ಒರಟು ಅನ್ನುತ್ತಾರೆ. ಬ್ಯಾಗಿಗೆ ಆಗುತ್ತದಾ? ಕುಮಟಾದ ಓದುಗ.

ಉತ್ತರ: ಚೆನ್ನಾಗಿಯೇ ಆಗುತ್ತದೆ. ಕಾಳು ದೊಡ್ಡದು, ಅದು ಹುಟ್ಟಿನಿಂದ ಬಂದದ್ದು, ಗೀರು ಅಡಗಿಸುವುದಕ್ಕೆ ಒಳ್ಳೆಯದು. ಆಡಿನ ಚರ್ಮವೂ ಹಾಗೇ, ತೆಳ್ಳಗಿದ್ದರೂ ಗಟ್ಟಿ. ಎಮ್ಮೆ ಚರ್ಮದ ಒಂದೇ ತೊಂದರೆ ತೂಕ. ದೊಡ್ಡ ಬ್ಯಾಗಾದರೆ ಖಾಲಿ ಇರುವಾಗಲೇ ಹೆಗಲಿಗೆ ಹಾಕಿ ಅಂಗಡಿಯಲ್ಲಿ ಐದು ನಿಮಿಷ ಓಡಾಡಿ ನೋಡಿ, ಆಮೇಲೆ ದುಡ್ಡು ಕೊಡಿ.