ಪಾಲು ಕೇಳಿದರೆ ತವರು ತಪ್ಪುತ್ತಾ?

ಅಕ್ಕಾ, ಅಪ್ಪ ವಿಲ್ ಬರೆಯದೆ ತೀರಿಕೊಂಡರು, ಯಲಹಂಕದ ಸೈಟಿಗೆ ಹಕ್ಕು ಖುಲಾಸೆ ಪತ್ರ, ಅಂದರೆ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅನ್ನುವ ಪತ್ರ, ಬರೆದುಕೊಡು ಅಂತ ಅಣ್ಣ ಕೇಳುತ್ತಿದ್ದಾರೆ, ಪಾಲು ಅಂದರೆ ‘ಸ್ತ್ರೀವಾದ ತಲೆಗೇರಿದೆ’ ಅನ್ನುತ್ತಾರೆ ಅಂತ ಬರೆದಿದ್ದೀರಿ. ದಯವಿಟ್ಟು ಅವಸರದಲ್ಲಿ ಸಹಿ ಹಾಕಬೇಡಿ.

ನಮ್ಮಮ್ಮ ಹಾಕಿದ್ದರು. ಹಿಂದಿನ ರಾತ್ರಿ ಮಾವ ಬಂದು ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಐದು ಸಾವಿರ ಕೊಟ್ಟರು. ನೋಂದಣಿ ಕಚೇರಿಯಿಂದ ಹೊರಗೆ ಬಂದು ಅಮ್ಮ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಗೌರಿ ಹಬ್ಬದ ಬಾಗಿನ ತಪ್ಪಬಾರದು, ಅಷ್ಟೇ ಅವರ ಚಿಂತೆ. ಮೂರನೇ ವರ್ಷಕ್ಕೆ ಅದೂ ನಿಂತಿತು.

ಅಪ್ಪನ ಸ್ವಂತ ದುಡಿಮೆಯ ಸೈಟಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ 1956ರಿಂದಲೇ ಮಗಳಿಗೂ ಮಗನಷ್ಟೇ ಪಾಲು. ಅಮ್ಮನಿಗೂ ಅಷ್ಟೇ. ಪಿತ್ರಾರ್ಜಿತವಾದರೆ, ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿ ನೋಡಬೇಕು. ಮದುವೆಗೆ ಹಾಕಿದ ಒಡವೆ ಇದನ್ನು ಅಳಿಸುವುದಿಲ್ಲ.

ಸಮಾನತೆ ಅಂದರೆ ನನಗೆ ಇದೇ ಅಕ್ಕಾ. ಭಾಷಣ ಸುಲಭ, ಸೈಟಿನ ಅಳತೆ ಬಂದಾಗಲೇ ಎಲ್ಲರೂ ಸುಮ್ಮನಾಗುವುದು ಅಲ್ವಾ?

ಅಣ್ಣನ ಜೊತೆ ಜಗಳ ಬೇಡ. ಪತ್ರದ ಕರಡು ಕೇಳಿ ಪಡೆಯಿರಿ, ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡಕ್ಕೆ ಹೋಗಿ. ಅಲ್ಲಿನ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಅಮ್ಮನನ್ನೂ ಕರೆದುಕೊಂಡು ಹೋಗಿ.