ಚೀಟಿಯ ಮೂಲೆಯ ಆರು ಅಂಕಿ

ಈ ವಾರದ ಒಂದು ಪತ್ರ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬರೆದವರು ಬೆಂಗಳೂರಿನ ಪ್ರಚಾರ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದಾರೆ. ಹಗಲು ಕ್ಲೈಂಟ್‌ಗಳ ಹಿರಿಮೆ ಬರೆಯುತ್ತಾರೆ, ರಾತ್ರಿ ಐತಿಹಾಸಿಕ ಪತ್ತೇದಾರಿ ಕಾದಂಬರಿ ಓದುತ್ತಾರೆ. ಈಗ ಮೈಸೂರಿನ ಊದುಬತ್ತಿ ತಯಾರಕರೊಬ್ಬರ ಕೆಲಸ ಅವರ ಮೇಜಿಗೆ ಬಂದಿದೆ. ‘1931ರಿಂದ’ ಎಂಬ ಘೋಷಣೆ, ಪಕ್ಕದಲ್ಲಿ ಆ ವರ್ಷದ್ದೆಂದು ಹೇಳುವ ಹಳೆಯ ಚೀಟಿಯ ಚಿತ್ರ. ಚೀಟಿಯ ಮೂಲೆಯಲ್ಲಿ ಆರು ಅಂಕಿಯ ಪಿನ್‌ಕೋಡ್! ಅದು ಜಾರಿಗೆ ಬಂದದ್ದೇ 1972ರ ಆಗಸ್ಟ್ 15ರಂದು. ಇವರಿಗೆ ನಿದ್ದೆ ಹೋಗಿದೆ. ‘ಆ ಪುಸ್ತಕಗಳೇ ನಿನ್ನ ತಲೆ ಕೆಡಿಸಿದವು, ಓದುವುದನ್ನು ಬಿಡು’ ಎಂದಿದ್ದಾರೆ ಗೆಳತಿ. ಓದು ಬಿಡಲೇ, ಕೆಲಸ ಬಿಡಲೇ ಎಂದು ಕೇಳಿದ್ದೀರಿ.

ಎರಡನ್ನೂ ಬಿಡಬೇಡಿ. ಓದು ಬಿಡಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಿಮ್ಮ ಗೆಳತಿಯ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಸುಳ್ಳು ಕಂಡಾಗ ನಿದ್ದೆ ಕೆಡುವುದು ಕಾಯಿಲೆಯಲ್ಲ.

ಪತ್ರದ ಕೊನೆಯಲ್ಲಿ, ಕೈತಪ್ಪಿ ಬರೆದಂತೆ, ಒಂದು ಸಾಲಿದೆ: ‘ಕ್ಲೈಂಟ್ ಕಳಿಸಿದ ಟಿಪ್ಪಣಿಯಲ್ಲಿ ಅಜ್ಜ ಶುರು ಮಾಡಿದ್ದು ಎಂದಷ್ಟೇ ಇತ್ತು, ಇಸವಿಯನ್ನು ನಮ್ಮ ಮ್ಯಾನೇಜರ್ ಹಾಕಿದರು.’ ಪ್ರಕರಣದ ಕೀಲಿ ಇರುವುದು ಇಲ್ಲೇ. ಪತ್ರದುದ್ದಕ್ಕೂ ‘ಕ್ಲೈಂಟ್ ಒತ್ತಡ’ ಎಂದು ಬರೆದಿದ್ದೀರಿ. ಒತ್ತಡ ಎಲ್ಲಿದೆ? ಆ ಮನುಷ್ಯ ಸುಳ್ಳನ್ನು ಕೇಳಿಯೇ ಇಲ್ಲ. ನಾಳೆ ಯಾರಾದರೂ ಪಿನ್‌ಕೋಡ್ ಗುರುತಿಸಿದರೆ ತಲೆ ತಗ್ಗಿಸಬೇಕಾದವರು ಮಾತ್ರ ಅವರೇ.

ನೀವು ಓದಿರಲೇಬೇಕು, ಜೋಸೆಫಿನ್ ಟೇ 1951ರಲ್ಲಿ ಬರೆದ ‘ದಿ ಡಾಟರ್ ಆಫ್ ಟೈಮ್’. ಆಸ್ಪತ್ರೆಯ ಹಾಸಿಗೆ ಬಿಟ್ಟೇಳಲಾಗದ ಪೊಲೀಸ್ ಅಧಿಕಾರಿಯೊಬ್ಬ ಇಂಗ್ಲೆಂಡಿನ ಮೂರನೇ ರಿಚರ್ಡ್‌ನ ಮೇಲಿನ ಕೊಲೆ ಆರೋಪವನ್ನು ಕೆದಕುತ್ತಾನೆ. ಗೆದ್ದ ಟ್ಯೂಡರ್ ಮನೆತನ ಹಬ್ಬಿಸಿದ ಕತೆಯೇ ಚರಿತ್ರೆಯಾಯಿತು ಎಂಬ ತೀರ್ಮಾನಕ್ಕೆ ಬರುತ್ತಾನೆ. 1485ರಲ್ಲಿ ಯುದ್ಧದಲ್ಲಿ ಸತ್ತ ಆ ರಾಜನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿಂಗ್ ಜಾಗದ ಅಡಿಯಲ್ಲಿ ಸಿಕ್ಕಿತು. ಬೆನ್ನುಮೂಳೆ ಬಾಗಿದ್ದು ನಿಜ. ಕೈ ಸೊರಗಿತ್ತು ಎಂದು ಶೇಕ್ಸ್‌ಪಿಯರ್ ತನ್ನ ನಾಟಕದಲ್ಲಿ ಹೇಳಿಸಿದ್ದಕ್ಕೆ ಮೂಳೆಗಳಲ್ಲಿ ಆಧಾರವೇ ಇರಲಿಲ್ಲ. ಇದ್ದ ಒಂದು ನಿಜಕ್ಕೆ ಇಲ್ಲದ ಒಂದನ್ನು ಜೋಡಿಸಿದ್ದರು. ನಿಮ್ಮ ಮ್ಯಾನೇಜರ್ ಮಾಡಿದ್ದೂ ಅದನ್ನೇ. ಅಜ್ಜ ನಿಜ, ಇಸವಿ ಸುಳ್ಳು.

ಮ್ಯಾನೇಜರ್ ಬಗ್ಗೆ ನನಗೆ ಕನಿಕರವಿಲ್ಲ. ಹಳೆಯದೆಲ್ಲ ಮಾರಾಟವಾಗುತ್ತದೆ ಎಂದು ನಂಬಿದವರಿಗೆ ಅಜ್ಜನ ನಿಜವಾದ ಕತೆಯನ್ನು ಕೇಳುವಷ್ಟೂ ವ್ಯವಧಾನವಿಲ್ಲ. ಆ ಚೀಟಿ ಎಪ್ಪತ್ತರ ದಶಕದ್ದೇ ಆಗಿದ್ದರೂ ಅದಕ್ಕೆ ಅರ್ಧ ಶತಮಾನದ ವಯಸ್ಸಾಯಿತು, ಅದು ಕಡಿಮೆಯೇ?

ಸೋಮವಾರ ಬೆಳಿಗ್ಗೆ ಒಂದೇ ಕೆಲಸ ಮಾಡಿ. ಕ್ಲೈಂಟ್‌ಗೆ ಬರವಣಿಗೆಯಲ್ಲಿ, ಮ್ಯಾನೇಜರ್‌ಗೂ ಪ್ರತಿ ಹೋಗುವಂತೆ, ಮೂರು ಸಾಲು ಕಳುಹಿಸಿ: ಚೀಟಿಯ ಮೇಲೆ ಪಿನ್‌ಕೋಡ್ ಇದೆ, ಆದ್ದರಿಂದ ಅದು 1972ಕ್ಕಿಂತ ಹಳೆಯದಲ್ಲ, ನಿಮ್ಮ ಅಜ್ಜ ಯಾವ ವರ್ಷ ಶುರು ಮಾಡಿದರೆಂದು ತಿಳಿಸುವಿರಾ? ಫೋನಿನಲ್ಲಿ ಹೇಳಬೇಡಿ. ಉತ್ತರ ಬರುವವರೆಗೆ ಆ ಚಿತ್ರ ಅಚ್ಚಿಗೆ ಹೋಗಬಾರದು.