ಉಪ್ಪುನೀರಿಗೆ ಭತ್ತದ ಮೇಲೆ ಹಗೆಯೇ?

ಪ್ರಶ್ನೆ: ನಾನು ಕುಮಟಾದಲ್ಲಿ ಪದವಿ ಓದುತ್ತಿದ್ದೇನೆ. 'ಇನಿಮಿಕಲ್' ಅಂದರೆ 'ಹಗೆತನದ' ಎಂದು ನಿಘಂಟಿನಲ್ಲಿತ್ತು. ಪ್ರಬಂಧದಲ್ಲಿ 'ಅವರ್ ನೇಬರ್ ಈಸ್ ಇನಿಮಿಕಲ್ ವಿತ್ ಅಸ್' ಎಂದು ಬರೆದೆ. ಮೇಡಂ ಕೆಂಪು ಗೆರೆ ಎಳೆದು 'ಹಾಸ್ಟೈಲ್ ಟು' ಎಂದು ತಿದ್ದಿದರು. ಎರಡೂ ಒಂದೇ ಅಲ್ಲವೇ ಸರ್?

ಉತ್ತರ: ನಿಘಂಟು ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದೆ.

ಕುಮಟಾದವರಾದ ನಿಮಗೆ ಗಜನಿ ಗದ್ದೆ, ಅಂದರೆ ಅಳಿವೆಯ ಬದಿಯ ತಗ್ಗು ಗದ್ದೆ, ಗೊತ್ತಿರುತ್ತದೆ. ಅಘನಾಶಿನಿ ಹೊಳೆಯ ಉಬ್ಬರದ ನೀರು ಒಡ್ಡು ಒಡೆದು ಒಳನುಗ್ಗಿದರೆ ಸಾಮಾನ್ಯ ಭತ್ತದ ಸಸಿ ತುದಿಯಿಂದ ಸುಟ್ಟ ಹಾಗೆ ಒಣಗುತ್ತಾ ಬರುತ್ತದೆ. ಕಗ್ಗ ಭತ್ತವಾದರೆ ತಾಳಿಕೊಳ್ಳುತ್ತದೆ. ಉಪ್ಪುನೀರಿಗೆ ಭತ್ತದ ಮೇಲೆ ಸಿಟ್ಟಿಲ್ಲ, ಸೇಡಿಲ್ಲ. ಆದರೂ ಅದಿದ್ದಲ್ಲಿ ಇದು ಬಾಳುವುದಿಲ್ಲ. ಇಂಥ ಕಡೆ ಬರುವ ಪದ ಇನಿಮಿಕಲ್. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡ ಮನುಷ್ಯನಿಗೆ ಹಾಸ್ಟೈಲ್. ನಿಮ್ಮ ಮೇಡಂ ತಿದ್ದಿದ್ದು ಅದಕ್ಕೇ. 'ಇನಿಮಿಕಲ್' ನೋಟ, ದನಿ ಎಂದು ಬರೆದವರೂ ಇದ್ದಾರೆ, ಆದರೆ ಈಗ ಅದು ಅಪರೂಪ.

ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ಕನ್ನಡ 'ಪ್ರತಿಕೂಲ'. ಸಂಸ್ಕೃತದಲ್ಲಿ ಕೂಲ ಎಂದರೆ ದಡ. ದಡದ ಜೊತೆಗೆ ಸಾಗಿದ್ದು ಅನುಕೂಲ, ಎದುರಾದದ್ದು ಪ್ರತಿಕೂಲ. ಹೊಳೆಬದಿಯಲ್ಲಿ ಬೆಳೆದ ನಮಗೆ ಇದಕ್ಕಿಂತ ಹತ್ತಿರದ ಪದ ಬೇಕೇ?

ಲ್ಯಾಟಿನ್ನಿನಲ್ಲಿ ಅಮಿಕಸ್ ಎಂದರೆ ಗೆಳೆಯ. ಗೆಳೆಯನಲ್ಲದವನು ಇನಿಮಿಕಸ್; ನಮ್ಮ 'ಅಮಿತ್ರ' ಹುಟ್ಟಿದ್ದೂ ಹೀಗೇ. ಹಳೆಯ ಫ್ರೆಂಚ್ ಹಾದು ಬಂದ 'ಎನಿಮಿ'ಯೂ ಅದರದೇ ಕುಡಿ. ಚೆಂದದ ಸಂಗತಿ ಒಂದಿದೆ: ರೋಮನ್ನರಿಗೆ ಇನಿಮಿಕಸ್ ಎಂದರೆ ಸ್ವಂತ ಜಗಳದ ಹಗೆ, ಹಾಸ್ಟಿಸ್ ಎಂದರೆ ಯುದ್ಧದ ವೈರಿ. ಪಕ್ಕದ ಮನೆಯವರಿಗೆ ನಿಮ್ಮ ಪದವೇ ಅಲ್ಲಿ ಒಪ್ಪುತ್ತಿತ್ತು. ಇಂಗ್ಲಿಷಿನಲ್ಲಿ ಅದು ಮನುಷ್ಯನನ್ನು ಬಿಟ್ಟು ಸ್ಥಿತಿಗತಿಗಳ ಕಡೆಗೆ ಸರಿದಿದೆ.

ಹಾನಿ ತಟ್ಟುವುದು ಕೆಟ್ಟದ್ದಕ್ಕಾದರೂ ಪದ ಸಲ್ಲುತ್ತದೆ. ಶಿರಸಿ ಕಡೆ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಕಾದರೆ ಅಡಿಕೆಯ ಕೊಳೆರೋಗ ಹಬ್ಬುವುದು ತಗ್ಗುತ್ತದೆ. ಆ ರೋಗಾಣುವಿಗೆ ಬಿಸಿಲು ಇನಿಮಿಕಲ್, ತೋಟದವರಿಗೆ ಅನುಕೂಲ.

ಇದರ ಜೊತೆ 'ವಿತ್' ಬೇಡ, 'ಟು' ಬರಲಿ. ಉಚ್ಚಾರದಲ್ಲಿ ಒತ್ತು 'ನಿ' ಮೇಲೆ. ಈ ಪದವನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ ವಾಕ್ಯವನ್ನು ನೆರೆಯವರ ಬದಲು ಅವರ ಜಗಳದ ಮೇಲೆ ಕಟ್ಟಿ: 'ದೇರ್ ಕ್ವಾರೆಲ್ಸ್ ಆರ್ ಇನಿಮಿಕಲ್ ಟು ದ ಪೀಸ್ ಆಫ್ ಅವರ್ ಲೇನ್.' ಅವರ ಜಗಳ ನಮ್ಮ ಕೇರಿಯ ನೆಮ್ಮದಿಗೆ ಮಾರಕ.